ನನ್ನ ಖಾತೆಯ ಕೀಲಿ ಯಾರ ಕೈಯಲ್ಲಿ?



ಈ ಉಪನ್ಯಾಸದ ಆಮಂತ್ರಣ ಪತ್ರಿಕೆ ನನಗೆ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಅದಕ್ಕೂ ಮೊದಲು ಕಾರ್ಯಕ್ರಮದ ಗ್ರೂಪ್ ಒಂದಕ್ಕೆ ನನ್ನನ್ನು ಸೇರಿಸಿದ್ದರು. ಸೇರಿಸಿದ ಕೂಡಲೇ ನಾನು ಮುಖ ಕಂಡಿರದ ಎಷ್ಟೋ ಜನರ ನಂಬರು ನನಗೆ ಸಿಕ್ಕಿತು, ನನ್ನದು ಅವರಿಗೂ ಸಿಕ್ಕಿತು. ದೂರುತ್ತಿಲ್ಲ, ಸಭೆ ಸೇರಿಸುವವರ ಪಾಡು ನನಗೂ ಗೊತ್ತು. ಆದರೆ ಉಪನ್ಯಾಸದ ವಿಷಯ ಸಾಮಾಜಿಕ ಜಾಲತಾಣದಲ್ಲಿ ಗೋಪ್ಯತೆ ಮತ್ತು ಸುರಕ್ಷತೆ. ಮೊದಲ ಉದಾಹರಣೆಯನ್ನು ಸಂಘಟಕರೇ ಒದಗಿಸಿಕೊಟ್ಟರು.

‘ನನ್ನನ್ನು ಗ್ರೂಪ್‌ಗೆ ಯಾರು ಸೇರಿಸಬಹುದು’ ಎಂದು ತೀರ್ಮಾನಿಸುವ ಸೆಟ್ಟಿಂಗ್ ವಾಟ್ಸ್‌ಆ್ಯಪ್‌ಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ, ನಮ್ಮಲ್ಲಿ ಲೋಕಸಭೆ ಚುನಾವಣೆ ಕಾವೇರಿದ್ದ ಹೊತ್ತಿನಲ್ಲಿ. ಅಲ್ಲಿಯವರೆಗೆ ನಿಮ್ಮ ನಂಬರು ಇದ್ದವರು ಯಾರು ಬೇಕಾದರೂ ನಿಮ್ಮನ್ನು ಯಾವ ಪಕ್ಷದ, ಯಾವ ಚೀಟಿ ವ್ಯವಹಾರದ ಗ್ರೂಪ್‌ಗೆ ಬೇಕಾದರೂ ಎಳೆದು ಹಾಕಬಹುದಿತ್ತು. ಸೆಟ್ಟಿಂಗ್ ಬಂದಮೇಲೂ ಅದು ‘ಎಲ್ಲರೂ’ ಎಂಬಲ್ಲಿಯೇ ನಿಂತಿತ್ತು. ಪ್ರೈವೆಸಿ ಪುಟದ ಒಳಹೊಕ್ಕು ಅದನ್ನು ‘ನನ್ನ ಸಂಪರ್ಕಗಳು ಮಾತ್ರ’ ಎಂದು ಬದಲಿಸಿದವರಿಗೆ ಬಿಡುಗಡೆ. ಬದಲಿಸದವರು ಈಗಲೂ ಎಲ್ಲರ ಪಾಲು.

ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಸೆಟ್ಟಿಂಗ್ ಪುಟ ನಿಮ್ಮೊಬ್ಬರ ಜೊತೆಗೇ ಮಾತಾಡುವಂತೆ ಬರೆದಿರುತ್ತದೆ: ನಿಮ್ಮ ಫೋಟೊ, ನಿಮ್ಮ ಸ್ಟೇಟಸ್, ನಿಮ್ಮ ಆಯ್ಕೆ. ಆದರೆ ನಿಮ್ಮ ಗುಟ್ಟು ಹೊರಬೀಳುವುದು ಹೆಚ್ಚಾಗಿ ಇನ್ನೊಬ್ಬರ ಫೋನಿನಿಂದ, ಇನ್ನೊಬ್ಬರ ಅಸಡ್ಡೆಯಿಂದ, ಇಲ್ಲವೇ ಯಾರೂ ಮುಟ್ಟದೆ ಕಂಪನಿ ಇಟ್ಟಂತೆಯೇ ಉಳಿದ ಸೆಟ್ಟಿಂಗ್‌ನಿಂದ. ‘ಹುಷಾರಾಗಿರಿ’ ಎಂದು ಒಬ್ಬೊಬ್ಬರಿಗೂ ಬುದ್ಧಿ ಹೇಳಿ ಕಳಿಸುವ ಉಪನ್ಯಾಸಗಳಲ್ಲಿ ನನಗೆ ನಂಬಿಕೆ ಕಡಿಮೆ.

ಫೇಸ್‌ಬುಕ್ ಬಳಕೆದಾರರ ಮಾಹಿತಿ ಚುನಾವಣಾ ಪ್ರಚಾರದ ಕಂಪನಿಯೊಂದರ ಪಾಲಾದ ಕೇಂಬ್ರಿಜ್ ಅನಲಿಟಿಕಾ ಹಗರಣ ನಿಮಗೆ ನೆನಪಿರಬಹುದು. 2018ರಲ್ಲಿ ಅದು ಬಯಲಾದಾಗ ಅಮೆರಿಕದ ಚುನಾವಣೆಯ ಸುದ್ದಿಯಾಗಿಯೇ ನಾವು ಅದನ್ನು ಓದಿದೆವು. ಅದರ ಭಾರತದ ಲೆಕ್ಕವನ್ನು ಫೇಸ್‌ಬುಕ್ ಕಂಪನಿಯೇ ಆ ವರ್ಷದ ಏಪ್ರಿಲ್‌ನಲ್ಲಿ ಕೊಟ್ಟಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ಅಲೆಕ್ಸಾಂಡರ್ ಕೋಗನ್ ಒಂದು ಆ್ಯಪ್ ಮಾಡಿದ್ದರು, ಮಾಹಿತಿ ಹೋದದ್ದು ಅದರ ಮೂಲಕ. ಪ್ರಶ್ನೆಗಳಿಗೆ ಉತ್ತರಿಸಿದರೆ ನಿಮ್ಮ ಸ್ವಭಾವ ಎಂಥದು ಎಂದು ಹೇಳುವ ಆಟ. ಭಾರತದಲ್ಲಿ ಅದನ್ನು ಹಾಕಿಕೊಂಡವರು ಬರೀ 335 ಜನ. ಮಾಹಿತಿ ಹೊರಹೋಗಿರಬಹುದಾದ ಉಳಿದವರು 5,62,120 ಜನ. ಆ್ಯಪ್ ಹಾಕಿಕೊಂಡ ಯಾರದೋ ಗೆಳೆಯರಾಗಿದ್ದದ್ದು ಬಿಟ್ಟರೆ ಇವರು ಮಾಡಿದ ತಪ್ಪೇನೂ ಇಲ್ಲ. ಹೋಲಿಸಿ ನೋಡಿ: ಕೆಲವರು ಆಟ ಆಡಿದ್ದಕ್ಕೆ ಲಕ್ಷಾಂತರ ಜನ ತೆತ್ತರು. ಅವರಲ್ಲಿ ಅತ್ಯಂತ ಎಚ್ಚರಿಕೆಯವರೂ ಇದ್ದಿರಬೇಕು, ಪಾಸ್‌ವರ್ಡ್ ಬದಲಿಸುತ್ತಲೇ ಇದ್ದವರೂ ಇದ್ದಿರಬೇಕು. ಅವರ ಎಚ್ಚರ ಏನೂ ಕೆಲಸಕ್ಕೆ ಬರಲಿಲ್ಲ.

ಇದನ್ನು ತಡೆಯುವ ಸೆಟ್ಟಿಂಗ್ ಆಗ ಇರಲಿಲ್ಲವೇ? ಇತ್ತು, ಅದೇ ಸ್ವಾರಸ್ಯ. ‘ಇತರರು ಬಳಸುವ ಆ್ಯಪ್‌ಗಳು’ ಎಂಬ ಹೆಸರಿನಲ್ಲಿ, ಹುಡುಕಿದರೂ ಸುಲಭಕ್ಕೆ ಸಿಗದ ಮೂಲೆಯಲ್ಲಿ. ಹುಟ್ಟಿದ ದಿನ, ಹುಟ್ಟೂರು, ಓದು, ಉದ್ಯೋಗ, ಫೋಟೊ, ಮೆಚ್ಚಿದ ಪುಟಗಳು ಎಂದು ಉದ್ದದ ಪಟ್ಟಿ. ನಿಮ್ಮ ಗೆಳೆಯರು ಯಾವುದಾದರೂ ಆ್ಯಪ್ ಹಾಕಿಕೊಂಡಾಗ ನಿಮ್ಮ ಯಾವ ಯಾವ ವಿವರವನ್ನು ಜೊತೆಗೆ ಒಯ್ಯಬಹುದು ಎಂಬುದಕ್ಕೆ ಟಿಕ್ ಹಾಕುವ ಪುಟ ಅದು. ಬಹುಪಾಲು ಚೌಕಗಳಲ್ಲಿ ಟಿಕ್ ಮೊದಲೇ ಬಿದ್ದಿತ್ತು. ಗೆಳೆಯರ ಮಾಹಿತಿ ಹೀಗೆ ಹರಿಯುವ ದಾರಿಯನ್ನು ಕಂಪನಿ 2015ರಲ್ಲಿ ಮುಚ್ಚಿತು. ಅಷ್ಟರಲ್ಲಿ ಜಗತ್ತಿನಾದ್ಯಂತ 8.7 ಕೋಟಿ ಜನರ ಮಾಹಿತಿ ಹೊರಹೋಗಿರಬಹುದು ಎಂದು ಕಂಪನಿಯೇ ಹೇಳಿದೆ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 500 ಕೋಟಿ ಡಾಲರ್ ದಂಡ ಹಾಕಿತು.

ಮೊದಲೇ ಬಿದ್ದಿರುವ ಈ ಟಿಕ್ಕಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಇಡೀ ವ್ಯಾಪಾರದ ಜೀವ ಇರುವುದು ಅಲ್ಲಿ. 2009ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಬಳಕೆದಾರರನ್ನೆಲ್ಲ ಕರೆದು ‘ಗೋಪ್ಯತೆಯ ಸೆಟ್ಟಿಂಗ್ ಸರಳಗೊಳಿಸಿದ್ದೇವೆ, ಒಮ್ಮೆ ನೋಡಿ’ ಎಂದಿತು. ನೋಡಿದವರಿಗೆ ಕಂಪನಿಯ ಶಿಫಾರಸು ಅನೇಕ ಕಡೆ ‘ಎಲ್ಲರೂ’ ಎಂದೇ ಇತ್ತು. ಅದರ ಜೊತೆಗೇ, ಅಲ್ಲಿಯವರೆಗೆ ಮುಚ್ಚಿಡಬಹುದಾಗಿದ್ದ ಸ್ನೇಹಿತರ ಪಟ್ಟಿ ಬಹಿರಂಗವಾಯಿತು. ಇದನ್ನು ಮೋಸವೆಂದೇ ಕರೆದು ಅದೇ ಕಮಿಷನ್ 2011ರಲ್ಲಿ ಪ್ರಕರಣ ಹೂಡಿ ರಾಜಿಗೆ ತಂದಿತು. ಸರಳೀಕರಣ ಎಂದು ಯಾರಾದರೂ ಹೇಳಿದರೆ ನಾನು ಈಗಲೂ ಕನ್ನಡಕ ಹುಡುಕುತ್ತೇನೆ.

ಇದಕ್ಕೆ ತದ್ವಿರುದ್ಧ ಪ್ರಯೋಗ 2021ರ ಏಪ್ರಿಲ್‌ನಲ್ಲಿ ನಡೆಯಿತು. ಆ್ಯಪಲ್ ಕಂಪನಿ ತನ್ನ ಫೋನುಗಳಲ್ಲಿ ಒಂದು ಪ್ರಶ್ನೆ ಕಡ್ಡಾಯ ಮಾಡಿತು: ಬೇರೆ ಆ್ಯಪ್‌, ಬೇರೆ ವೆಬ್‌ಸೈಟ್‌ಗಳಲ್ಲಿ ನೀವು ಮಾಡುವುದನ್ನು ಈ ಆ್ಯಪ್ ಹಿಂಬಾಲಿಸಲು ಒಪ್ಪಿಗೆಯೇ? ಅದುವರೆಗೆ ಹಿಂಬಾಲಿಸುವುದೇ ರೂಢಿ, ಬೇಡವೆನ್ನುವವರು ಸೆಟ್ಟಿಂಗ್ ಹುಡುಕಬೇಕಿತ್ತು. ಈಗ ಮೊದಲು ಕೇಳಬೇಕು. ಬದಲಾದದ್ದು ಅಷ್ಟೇ. ಜನ ರಾಶಿ ರಾಶಿಯಾಗಿ ‘ಬೇಡ’ ಒತ್ತಿದರು. ಇದರಿಂದ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ಆದಾಯ ಖೋತಾ ಆಗಲಿದೆ ಎಂದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ತನ್ನ ಹೂಡಿಕೆದಾರರಿಗೆ ಹೇಳಿತು. ‘ಜನಕ್ಕೆ ಗೋಪ್ಯತೆ ಬೇಕಾಗಿಲ್ಲ’ ಎಂದು ವಾದಿಸುವವರ ಮುಂದೆ ನಾನು ಈ ಅಂಕಿ ಇಡುತ್ತೇನೆ. ಬೇಕಾಗಿತ್ತು. ಕೇಳಿದವರಿರಲಿಲ್ಲ.

ನಮ್ಮ ವಾಟ್ಸ್‌ಆ್ಯಪ್ ವಿಚಾರಕ್ಕೆ ಬರೋಣ. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. 2016ರ ಆಗಸ್ಟ್‌ನಲ್ಲಿ ಷರತ್ತು ಬದಲಿಸಿ, ವಾಟ್ಸ್‌ಆ್ಯಪ್ ಖಾತೆಯ ಮಾಹಿತಿಯನ್ನು ಜಾಹೀರಾತಿನ ಉದ್ದೇಶಕ್ಕೆ ಫೇಸ್‌ಬುಕ್ ಜೊತೆ ಹಂಚಿಕೊಳ್ಳುವುದಾಗಿ ಹೇಳಿತು. ಬೇಡವೆನ್ನುವವರಿಗೆ ಒಂದು ಚೌಕ ಕೊಟ್ಟಿತು, ಅದೂ 30 ದಿನಗಳ ಮಟ್ಟಿಗೆ. ಆ ತಿಂಗಳೊಳಗೆ ಟಿಕ್ ತೆಗೆದವರು ಉಳಿದುಕೊಂಡರು. ಆಮೇಲೆ ಸೇರಿದ ಕೋಟ್ಯಂತರ ಜನರಿಗೆ ಆ ಚೌಕವೇ ಕಾಣಲಿಲ್ಲ. ಈ ಸಭಾಂಗಣದ ವಿದ್ಯಾರ್ಥಿಗಳೆಲ್ಲ ಆ ಎರಡನೆಯ ಗುಂಪಿನವರು. 2021ರಲ್ಲಿ ಮತ್ತೆ ಬಂದ ‘ಒಪ್ಪಿ, ಇಲ್ಲವೇ ಬಿಡಿ’ ಎಂಬ ಷರತ್ತು ಐರೋಪ್ಯ ಒಕ್ಕೂಟದಲ್ಲಿ ಅದೇ ರೀತಿ ಜಾರಿಯಾಗಲಿಲ್ಲ. ಅಲ್ಲಿ ಬಿಗಿ ಕಾನೂನಿತ್ತು. ಇಲ್ಲಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಅದರ ಮೇಲೆ ಮೇಲ್ಮನವಿ, ವಾದ, ಪ್ರತಿವಾದ. ಆ ಜಾಡು ಹಿಡಿದರೆ ಸಂಜೆಯಾಗುತ್ತದೆ.

ಈಗ ಮೊಬೈಲ್ ನಂಬರು. ಬೇರೆ ದೇಶಗಳಲ್ಲಿ ಅದು ಬರೀ ದೂರವಾಣಿ ಸಂಖ್ಯೆಯಾಗಿದ್ದೀತು. ನಮ್ಮಲ್ಲಿ ಬ್ಯಾಂಕ್ ಖಾತೆಗೆ ಅದೇ, ಆಧಾರ್‌ಗೆ ಅದೇ, ಯುಪಿಐಗೆ ಅದೇ, ರೇಷನ್ ಕಾರ್ಡಿಗೂ ಅದೇ. ಅದನ್ನೇ ನಾವು ಆಮಂತ್ರಣ ಪತ್ರಿಕೆಯಲ್ಲಿ, ಆಟೊದ ಹಿಂಬದಿಯಲ್ಲಿ, ‘ಮನೆ ಬಾಡಿಗೆಗೆ ಇದೆ’ ಬೋರ್ಡಿನಲ್ಲಿ ಹಾಕುತ್ತೇವೆ. ಹಾಕದೆ ಬದುಕು ನಡೆಯುವುದಿಲ್ಲ, ಒಪ್ಪೋಣ. ಹಾಗಾಗಿ ನಂಬರು ಎಲ್ಲರಿಗೂ ಗೊತ್ತಿದೆ ಎಂದೇ ಎಣಿಸಿ, ಆ ನಂಬರಿನಿಂದ ಏನೇನು ತೆರೆದುಕೊಳ್ಳುತ್ತದೆ ಎಂಬುದನ್ನು ಬಿಗಿ ಮಾಡಬೇಕು.

ಫೇಸ್‌ಬುಕ್‌ನಲ್ಲಿ ‘ನಿಮ್ಮ ಫೋನ್ ನಂಬರಿನಿಂದ ನಿಮ್ಮನ್ನು ಯಾರು ಹುಡುಕಬಹುದು’ ಎಂಬ ಸೆಟ್ಟಿಂಗ್ ಇದೆ. ಇದನ್ನು ಮುಟ್ಟಿದವರು ಕಡಿಮೆ. ಕಾಂಟ್ಯಾಕ್ಟ್ ಪಟ್ಟಿ ಏರಿಸಿ ಗೆಳೆಯರನ್ನು ಹುಡುಕಿಕೊಡುವ ಸೌಲಭ್ಯವನ್ನು ಯಾರೋ ದುರುಪಯೋಗ ಮಾಡಿಕೊಂಡು, ಕೋಟಿಗಟ್ಟಲೆ ನಂಬರುಗಳನ್ನು ಯಂತ್ರದ ಮೂಲಕ ತೂರಿಸಿ, ಯಾವ ನಂಬರು ಯಾರದು ಎಂಬ ಪಟ್ಟಿಯನ್ನೇ ಮಾಡಿಕೊಂಡರು. 2021ರ ಏಪ್ರಿಲ್‌ನಲ್ಲಿ ಅದು ಬಿಟ್ಟಿಯಾಗಿ ಹೊರಬಂತು: 53 ಕೋಟಿಗೂ ಹೆಚ್ಚು ಜನ, ಅದರಲ್ಲಿ ಸುಮಾರು 60 ಲಕ್ಷ ಭಾರತೀಯರು. ಅಪರಿಚಿತ ನಂಬರಿನಿಂದ ಕರೆ ಮಾಡಿದವನು ನಿಮ್ಮ ಹೆಸರು ಹಿಡಿದು ಮಾತಾಡಿಸಿದರೆ ‘ಇವನಿಗೆ ಹೇಗೆ ಗೊತ್ತು’ ಎಂದು ಬೆರಗಾಗುವುದನ್ನು ಇನ್ನು ಬಿಡಬಹುದು. ಇಂಥ ಪಟ್ಟಿಗಳು ಓಡಾಡುತ್ತಲೇ ಇವೆ.

ಇನ್ನೊಂದು ಸಂಗತಿ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಎರಡು ಹಂತದ ಭದ್ರತೆಗಾಗಿ, ಅಂದರೆ ಪಾಸ್‌ವರ್ಡಿನ ಜೊತೆಗೆ ಒಟಿಪಿಯೂ ಬರಲಿ ಎಂದು ಜನ ಕೊಟ್ಟ ನಂಬರನ್ನು ಫೇಸ್‌ಬುಕ್ ಜಾಹೀರಾತು ಗುರಿಯಿಡಲು ಬಳಸಿತು. ಟ್ವಿಟರ್ ಕೂಡ ಅದನ್ನೇ ಮಾಡಿ, 2022ರ ಮೇ ತಿಂಗಳಲ್ಲಿ 15 ಕೋಟಿ ಡಾಲರ್ ತೆತ್ತಿತು. ಎಚ್ಚರಿಕೆ ವಹಿಸಿದವರನ್ನೇ ಹುಡುಕಿ ಮಾರಿದಂತೆ ಇದು. ಹಾಗೆಂದು ಎರಡು ಹಂತದ ಭದ್ರತೆ ಬಿಡಬೇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳಿಗೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಬಳಸುವುದು ಮೇಲು. ಅದಕ್ಕೆ ನಂಬರು ಬೇಡ, ಸಿಮ್ ಕದ್ದರೂ ಕೋಡ್ ಕಳ್ಳನಿಗೆ ಹೋಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಟ್ವಿಟರ್ ಕಂಪನಿಯ ಮುಖ್ಯಸ್ಥ ಜಾಕ್ ಡಾರ್ಸಿಯವರ ಟ್ವಿಟರ್ ಖಾತೆಯೇ ಕಳ್ಳರ ಪಾಲಾಯಿತು. ಅವರ ಪಾಸ್‌ವರ್ಡ್ ಯಾರೂ ಮುರಿಯಲಿಲ್ಲ. ಅವರ ನಂಬರನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡರು, ಅಷ್ಟೇ. ಹಳೆಯ ಸಿಮ್ ಬಿಸಾಡುವವರೂ ಕೇಳಿ. ನಿಂತುಹೋದ ನಂಬರನ್ನು 90 ದಿನಗಳ ಬಳಿಕ ಇನ್ನೊಬ್ಬರಿಗೆ ಕೊಡಬಹುದು. ಆ ಹೊಸಬರ ಫೋನಿಗೆ ನಿಮ್ಮ ಖಾತೆಯ ಒಟಿಪಿ ಹೋಗದಿರಲಿ ಎಂದರೆ, ಸಿಮ್ ಬಿಡುವ ಮೊದಲು ಎಲ್ಲ ಖಾತೆಗಳಲ್ಲೂ ನಂಬರು ಬದಲಿಸಬೇಕು.

ಆರು ಅಂಕಿಯ ಕೋಡಿನ ಮೋಸ ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ತಗುಲಿರಬಹುದು. ನಿಮ್ಮ ಅತ್ತಿಗೆಯ ನಂಬರಿನಿಂದ ಮೆಸೇಜ್ ಬರುತ್ತದೆ: ‘ತಪ್ಪಿ ನಿನ್ನ ಫೋನಿಗೆ ಒಂದು ಕೋಡ್ ಕಳಿಸಿದ್ದೇನೆ, ಸ್ವಲ್ಪ ಹೇಳು.’ ಕೋಡ್ ಬಂದಿರುತ್ತದೆ. ಯಾರಿಗೂ ಕೊಡಬೇಡಿ ಎಂದು ಅದರ ಪಕ್ಕದಲ್ಲೇ ಬರೆದಿರುತ್ತದೆ. ಆದರೂ ಕೊಡುತ್ತೇವೆ, ಯಾಕೆಂದರೆ ಕೇಳಿದ್ದು ಅತ್ತಿಗೆ. ನಿಜದಲ್ಲಿ ಅತ್ತಿಗೆಯ ವಾಟ್ಸ್‌ಆ್ಯಪ್ ಆಗಲೇ ಬೇರೆಯವರ ಕೈ ಸೇರಿದೆ. ಆ ಕೋಡ್ ನಿಮ್ಮ ಖಾತೆಯನ್ನು ಇನ್ನೊಂದು ಫೋನಿನಲ್ಲಿ ತೆರೆಯುವ ಕೋಡ್. ಕೊಟ್ಟ ಮರುಗಳಿಗೆ ನಿಮ್ಮ ಹೆಸರಿನಲ್ಲಿ ನಿಮ್ಮ ಭಾವಮೈದುನನಿಗೆ ಮೆಸೇಜ್ ಹೋಗುತ್ತದೆ: ‘ಅರ್ಜೆಂಟು, ಇಪ್ಪತ್ತು ಸಾವಿರ ಕಳಿಸು, ಸಂಜೆ ಕೊಡ್ತೀನಿ.’ ಈ ಕಳ್ಳ ಮುರಿಯುವುದು ಸಂಬಂಧದ ಸಲುಗೆಯನ್ನು. ಆದ್ದರಿಂದಲೇ ಅತ್ತಿಗೆಯ ಸೆಟ್ಟಿಂಗ್ ಅತ್ತಿಗೆಯೊಬ್ಬಳ ವಿಚಾರವಲ್ಲ ಎನ್ನುವುದು.

ಇದಕ್ಕೆ ಮದ್ದು 2017ರಿಂದಲೇ ಇದೆ. ವಾಟ್ಸ್‌ಆ್ಯಪ್‌ನ ಖಾತೆ ವಿಭಾಗದಲ್ಲಿ ಎರಡು ಹಂತದ ಪರಿಶೀಲನೆ ಎಂದು ಸಿಗುತ್ತದೆ. ನೀವೇ ಆರು ಅಂಕಿಯ ಪಿನ್ ಇಡಬೇಕು, ಮರೆತರೆ ಬೇಕಾಗುತ್ತದೆಂದು ಇಮೇಲ್ ಸೇರಿಸಬೇಕು. ಆಗ ಎಸ್‌ಎಂಎಸ್ ಕೋಡ್ ಸಿಕ್ಕರೂ ಪಿನ್ ಇಲ್ಲದೆ ಖಾತೆ ತೆರೆಯುವುದಿಲ್ಲ. ನೀವು ಇಡದಿದ್ದರೆ ಕಳ್ಳ ತನ್ನ ಪಿನ್ ಇಡುತ್ತಾನೆ. ಆಗ ಅವನನ್ನು ಹೊರಹಾಕಿದ ಮೇಲೂ ನಿಮ್ಮದೇ ಖಾತೆಗಾಗಿ ಏಳು ದಿನ ಕಾಯಬೇಕಾಗಿ ಬರುತ್ತದೆ. ಆ ಏಳು ದಿನ ಮನೆಮಂದಿಗೆಲ್ಲ ಫೋನ್ ಮಾಡಿ ‘ದುಡ್ಡು ಕಳಿಸಬೇಡಿ’ ಎನ್ನುತ್ತಿರಬೇಕು. ಎರಡು ನಿಮಿಷದ ಕೆಲಸ ಇದು. ಮನೆಗೆ ಹೋಗಿ ನಿಮ್ಮ ಫೋನಿಗೆ ಮಾಡಿ, ಅಮ್ಮನ ಫೋನಿಗೂ ಮಾಡಿಕೊಡಿ. ಅದೇ ಕೈಯಲ್ಲಿ ‘ಲಿಂಕ್ ಆದ ಸಾಧನಗಳು’ ಎಂಬ ಪಟ್ಟಿ ತೆರೆದು ನೋಡಿ. ಹಾಲ್‌ಟಿಕೆಟ್ ಪ್ರಿಂಟ್ ತೆಗೆಯಲು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದವರು ಲಾಗೌಟ್ ಮಾಡದೆ ಬಂದಿರುವ ಸಂಭವ ಬಹಳ.

ಚಾಟ್‌ಗಳು ಈ ತುದಿಯಿಂದ ಆ ತುದಿಗೆ ಗೂಢಲಿಪಿಯಲ್ಲಿ ಹೋಗುತ್ತವೆ ಎಂಬುದು 2016ರಿಂದ ನಿಜ. ಆದರೆ ಬ್ಯಾಕಪ್‌ಗೆ ಆ ರಕ್ಷಣೆ ತಾನಾಗಿ ಇರಲಿಲ್ಲ. 2021ರಿಂದ ಅದಕ್ಕೊಂದು ಆಯ್ಕೆ ಬಂದಿದೆ, ನಾವೇ ಒತ್ತಬೇಕು. ನೀವು ಒತ್ತಿ, ಎದುರಿನವರು ಒತ್ತದಿದ್ದರೆ? ನಿಮ್ಮ ಮಾತಿನ ಪ್ರತಿ ಅವರ ಬ್ಯಾಕಪ್‌ನಲ್ಲಿ ಬೀಗವಿಲ್ಲದೆ ಕೂತಿರುತ್ತದೆ. ಮತ್ತೆ ಅದೇ ಕಥೆ.

ನಮ್ಮ ರಾಜ್ಯದಲ್ಲಿ ಪೊಲೀಸ್ ಅಧಿಕಾರಿಗಳ ಹೆಸರು, ಫೋಟೊ ಹಾಕಿ ನಕಲಿ ಫೇಸ್‌ಬುಕ್ ಖಾತೆ ತೆರೆದು ದುಡ್ಡು ಕೇಳಿದ ಪ್ರಕರಣಗಳು ಒಂದೆರಡಲ್ಲ. ಇತ್ತೀಚಿನ ವರಸೆ ಎಂದರೆ, ‘ಗೆಳೆಯರೊಬ್ಬರು ಸಿಆರ್‌ಪಿಎಫ್‌ನಲ್ಲಿದ್ದಾರೆ, ವರ್ಗಾವಣೆಯಾಗಿದೆ, ಸೋಫಾ ಫ್ರಿಜ್ ಎಲ್ಲ ಅಗ್ಗಕ್ಕೆ ಕೊಡುತ್ತಿದ್ದಾರೆ’ ಎಂದು ನಕಲಿ ಖಾತೆಯಿಂದ ಮೆಸೇಜ್. ಈ ನಕಲಿ ಸೃಷ್ಟಿಗೆ ಬೇಕಾದ್ದು ಎರಡೇ: ನಿಮ್ಮ ಫೋಟೊ, ನಿಮ್ಮ ಸ್ನೇಹಿತರ ಪಟ್ಟಿ. ಫೋಟೊ ಮುಚ್ಚಿಟ್ಟರೂ ಪಟ್ಟಿ ಮುಚ್ಚುವುದನ್ನು ಮರೆಯುತ್ತೇವೆ. ಸ್ನೇಹಿತರ ಪಟ್ಟಿಯನ್ನು ‘ನಾನು ಮಾತ್ರ’ ಎಂದು ಮಾಡಿದರೆ ಕಳ್ಳನಿಗೆ ನಿಮ್ಮ ಮುಖ ಸಿಕ್ಕರೂ ಯಾರ ಬಾಗಿಲು ತಟ್ಟಬೇಕೆಂದು ತಿಳಿಯುವುದಿಲ್ಲ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಆಮೇಲೆ ಹೋದರಾಯಿತು. ಮೊದಲ ಗಂಟೆಗಳಲ್ಲಿ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಫೋಟೊ ಎಂದಾಗ ಒಂದು ಮಾತು ಹೇಳದಿದ್ದರೆ ಈ ಸಭೆಯ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ. ಪ್ರೊಫೈಲ್ ಫೋಟೊಗೆ ಕಾವಲು ಹಾಕುವ ಸೌಲಭ್ಯವನ್ನು ಫೇಸ್‌ಬುಕ್ 2017ರಲ್ಲಿ ಭಾರತದಲ್ಲಿ ತಂದಿತು, ಇಡೀ ಪ್ರೊಫೈಲ್‌ಗೆ ಬೀಗ ಹಾಕುವುದನ್ನು 2020ರ ಮೇ ತಿಂಗಳಲ್ಲಿ. ಎರಡರಲ್ಲೂ ಕಂಪನಿ ಎದುರಿಗಿಟ್ಟುಕೊಂಡದ್ದು ಇಲ್ಲಿನ ಮಹಿಳೆಯರ ಭಯವನ್ನು. ಬೀಗ ಒಳ್ಳೆಯದೇ, ಹಾಕಿಕೊಳ್ಳಿ. ಆದರೆ ನಮ್ಮ ಮನೆಗಳಲ್ಲಿ ಸೆಟ್ಟಿಂಗ್ ಬಿಗಿ ಮಾಡು ಎಂಬ ಬುದ್ಧಿವಾದ ಹೆಣ್ಣುಮಕ್ಕಳಿಗಷ್ಟೇ ಹೋಗುತ್ತದೆ. ಡಿಪಿಯಲ್ಲಿ ಗುಲಾಬಿ, ದೇವರು, ಅಕ್ಕನ ಮಗು. ಹುಡುಗಿ ತನ್ನ ಮುಖವನ್ನು ಅಳಿಸಿಕೊಳ್ಳುತ್ತಾಳೆ, ಆ ಮುಖವನ್ನು ಕತ್ತರಿಸಿ ಅಂಟಿಸುವ ಹುಡುಗನಿಗೆ ಯಾರೂ ಏನೂ ಹೇಳುವುದಿಲ್ಲ. ತಂಗಿಯ ಖಾತೆ ಲಾಕ್ ಮಾಡಿಸಿದ ಅಣ್ಣ, ಅವಳಿರುವ ಮದುವೆಯ ಫೋಟೊವನ್ನು ತನ್ನ ಬಹಿರಂಗ ಖಾತೆಯಲ್ಲಿ ಹೆಸರು ಟ್ಯಾಗ್ ಮಾಡಿ ಹಾಕಿರುತ್ತಾನೆ. ಟ್ಯಾಗ್ ಆದದ್ದನ್ನು ನಾನು ನೋಡಿ ಒಪ್ಪಿದ ಮೇಲೆಯೇ ನನ್ನ ಪುಟದಲ್ಲಿ ಕಾಣಿಸು ಎನ್ನುವ ಆಯ್ಕೆ ಇದೆ, ಬಳಸಿ. ಆದರೂ ಅವನ ಪುಟದಲ್ಲಿ ಅದು ಇದ್ದೇ ಇರುತ್ತದೆ. ಅಲ್ಲಿ ಸರಿಪಡಿಸಬೇಕಾದ್ದು ಅಣ್ಣನನ್ನು. ಹೆಂಡತಿಯ ವಾಟ್ಸ್‌ಆ್ಯಪ್ ಅನ್ನು ತನ್ನ ಲ್ಯಾಪ್‌ಟಾಪಿಗೆ ಲಿಂಕ್ ಮಾಡಿಕೊಂಡ ಗಂಡನಿದ್ದರೆ ಅಪಾಯ ಹೊರಗಿನ ಹ್ಯಾಕರ್‌ನಿಂದ ಬಂದದ್ದಲ್ಲ. ಆ ಪರಿಸ್ಥಿತಿಯಲ್ಲಿ ಏಕಾಏಕಿ ಲಾಗೌಟ್ ಒತ್ತಿದರೆ ಮನೆಯಲ್ಲಿ ಏನಾದೀತು ಎಂಬುದು ಅವಳಿಗಷ್ಟೇ ಗೊತ್ತು. ಉಪನ್ಯಾಸಕಾರರು ಅಲ್ಲಿ ಸುಮ್ಮನಿರುವುದು ಲೇಸು.

ಮಕ್ಕಳ ವಿಚಾರಕ್ಕೆ ಬಂದರೆ, ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತದಲ್ಲಿ ಹದಿಹರೆಯದವರ ಖಾತೆ ತಂದಿತು. ಖಾತೆ ತಾನಾಗಿಯೇ ಖಾಸಗಿ. 16ಕ್ಕಿಂತ ಚಿಕ್ಕವರು ಅದನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಹುಟ್ಟಿದ ವರ್ಷ ಸುಳ್ಳು ಹೇಳಿದರೆ ಇದೆಲ್ಲ ಲೆಕ್ಕಕ್ಕಿಲ್ಲ, ಅದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಗಮನಿಸಿದ್ದು ಬೇರೆ: ಮೊದಲೇ ಮುಚ್ಚಿಟ್ಟು ಕೊಡುವುದು ಕಂಪನಿಗೆ ಸಾಧ್ಯವಿದೆ. ದೊಡ್ಡವರ ಇನ್‌ಸ್ಟಾಗ್ರಾಂ ಖಾತೆ ಇಂದಿಗೂ ತೆರೆಯುವಾಗ ಬಹಿರಂಗವಾಗಿಯೇ ತೆರೆಯುತ್ತದೆ.

ಕೊನೆಗೆ ಕಾನೂನು. ಗೋಪ್ಯತೆ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪು ನಮ್ಮವರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು. ತೀರ್ಪು ಬರೆದ ಪೀಠದಲ್ಲಿ ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಕೂಡ ಇದ್ದರು. ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಅವಕಾಶ ಕೊಡಬೇಕು, ಅಂದರೆ ಕನ್ನಡದಲ್ಲೂ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. 18ರೊಳಗಿನ ಮಕ್ಕಳಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಸರ್ಕಾರಕ್ಕೆ ಮಾತ್ರ ಧಾರಾಳ ವಿನಾಯಿತಿ. ಅದರ ಟೀಕೆ ಸಾಕಷ್ಟು ನಡೆದಿದೆ, ನ್ಯಾಯವಾದ ಟೀಕೆ.

ಇದೇ ಕಾಯ್ದೆಯ ಮೂರನೇ ಸೆಕ್ಷನ್ ಓದಿದವರು ಕಡಿಮೆ. ಕಾಯ್ದೆ ಎರಡು ಕಡೆ ಅನ್ವಯಿಸುವುದಿಲ್ಲ ಎಂದು ಅಲ್ಲಿದೆ. ಒಂದು, ವ್ಯಕ್ತಿಯೊಬ್ಬರು ಸ್ವಂತಕ್ಕೆ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ. ಅಂದರೆ ಮದುವೆ ಫೋಟೊ ಹಾಕಿದ ಅಣ್ಣನನ್ನು ಈ ಕಾಯ್ದೆ ಕೇಳುವಂತಿಲ್ಲ. ಎರಡು, ವ್ಯಕ್ತಿ ತಾನೇ ಬಹಿರಂಗಪಡಿಸಿದ ಮಾಹಿತಿಗೆ. ಕಾಯ್ದೆಯೇ ಉದಾಹರಣೆ ಕೊಡುತ್ತದೆ: ಸಾಮಾಜಿಕ ಜಾಲತಾಣದಲ್ಲಿ ತನ್ನ ಅಭಿಪ್ರಾಯ ಬರೆಯುತ್ತಾ ತನ್ನ ಮಾಹಿತಿಯನ್ನು ಬಹಿರಂಗಗೊಳಿಸಿದಾಕೆಯ ವಿಷಯದಲ್ಲಿ ಈ ಕಾನೂನು ಬರುವುದಿಲ್ಲ. ಅಲ್ಲಿಗೆ ‘ಎಲ್ಲರೂ’ ಎಂಬ ಆ ಒಂದು ಸೆಟ್ಟಿಂಗ್ ಯಾರು ನೋಡಬಹುದು ಎಂಬುದರ ಜೊತೆಗೆ, ನಿಮಗೆ ಈ ಕಾನೂನಿನ ಆಸರೆ ಸಿಗುತ್ತದೆಯೇ ಎಂಬುದನ್ನೂ ನಿರ್ಧರಿಸುವಂತಾಯಿತು. ಹಾಗಾದರೆ ಕಂಪನಿಯೇ ಬಹಿರಂಗವೆಂದು ಇಟ್ಟುಕೊಟ್ಟ, ಬಳಕೆದಾರರು ಎಂದೂ ತೆರೆದು ನೋಡದ ಖಾತೆಯ ಮಾಹಿತಿಯನ್ನು ‘ತಾನೇ ಬಹಿರಂಗಪಡಿಸಿದ್ದು’ ಎನ್ನಬಹುದೇ? ಎನ್ನಬಾರದು ಎಂಬುದು ನನ್ನ ನಿಲುವು. ಈ ಸಭೆಯಲ್ಲಿ ಕಾನೂನು ಕಾಲೇಜಿನ ವಿದ್ಯಾರ್ಥಿಗಳಿದ್ದೀರಿ. ಅದನ್ನು ಈ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಯ ಮುಂದೆ, ನ್ಯಾಯಾಲಯದ ಮುಂದೆ ವಾದಿಸಬೇಕಾದವರು ನೀವು. ಅಲ್ಲಿಯವರೆಗೆ ಸೆಕ್ಷನ್ ಮೂರು ಓದಿಟ್ಟುಕೊಳ್ಳಿ.